ಜಲಾಲುದ್ದೀನನ ಅಂಗುಸ್ತಾನ

"ತಡೀರಿ, ಪೆಟ್ಟಿಗಿ ಮುಚ್ಚಬ್ಯಾಡ್ರಿ!"

ಕಲ್ಯಾಣಿಯ ಬಸ್ಸಿಳಿದು ಓಡೋಡಿ ಬಂದ ಸರ್ದಾರಬಿ, ಬುರ್ಖಾದೊಳಗಿನಿಂದ ಬಿಳಿಯ ಅಂಗಿಯೊಂದನ್ನು ತೆಗೆದು ಶವದ ಪೆಟ್ಟಿಗೆಯಲ್ಲಿ ಮಲಗಿದ್ದ ದೇವಿದಾಸನ ಪಾದದ ಬಳಿ ಇಟ್ಟಳು. ಸುದ್ದಿ ಮುಟ್ಟಿದಾಗಿನಿಂದ ಹೊಲಿಯುತ್ತಲೇ ಬಂದಿದ್ದಳು. ಒಂದು ತೋಳು ಇನ್ನೂ ಬಾಕಿಯಿತ್ತು.

ಚರ್ಚಿನ ಸಭೆಯ ಹಿರಿಯ ನರಸಿಂಗ ಸುತ್ತಿಗೆಯನ್ನು ಇಳಿಸಿದ. "ಆಗಲೇ ಹೊಸಾ ಕೋಟು ತೊಡಿಸೇವಿ, ಬೀಬಿ. ಪಾದ್ರಿ ಸಾಹೇಬ್ರು ಬಿಸಿಲಾಗ ಕಾಯಾಕತ್ಯಾರ."

"ಯಾರು ಮೊದಲ ಹೋಗ್ತಾರೋ ಅವರ ಕಡೀ ಬಟ್ಟಿ ಇನ್ನೊಬ್ರು ಹೊಲೀಬೇಕಂತ ಇವರೂ ನನ್ನ ಗಂಡಾನೂ ಮಾತು ಕೊಟ್ಟಿದ್ರು, ಭಾಯ್."

"ಅದು ನಿನ್ನ ಗಂಡನ ಮಾತು. ಅವನ ಜೋಡೀನೇ ಹೋತು."

ಎಲ್ಲರೂ ದೇವಿದಾಸನ ಹೆಂಡತಿ ಮುಕ್ತಾಬಾಯಿಯ ಕಡೆ ನೋಡಿದರು. ಕೋಟು ಬೇಡವೆಂದರೆ ಪ್ರೀತಿಯಿಂದ ತಂದ ಸಭೆಯವರಿಗೆ ನೋವು. ಸುಮ್ಮನಿದ್ದರೆ ಗಂಡ ಬದುಕಿಡೀ ಕಾಪಾಡಿಕೊಂಡ ಮಾತು ಅರ್ಧಕ್ಕೇ ನಿಲ್ಲುತ್ತದೆ.

*

ದೇವಿದಾಸನೂ ಸರ್ದಾರಬಿಯ ಗಂಡ ಜಲಾಲುದ್ದೀನನೂ ಕಲ್ಯಾಣಿಯ ಒಬ್ಬನೇ ಉಸ್ತಾದನ ಬಳಿ ಸೂಜಿ ಹಿಡಿದ ದರ್ಜಿಗಳು. ದೇವಿದಾಸನಿಗೆ ಮಿಷನರಿಯೊಬ್ಬ ಒಂದು ಹೀಬ್ರೂ ಪದ ಕಲಿಸಿಹೋಗಿದ್ದ: ಹೆಸೆದ್. ಬೈಬಲಿನಲ್ಲಿ ಯೋನಾತಾನನು ತನ್ನ ನಿಲುವಂಗಿಯನ್ನೇ ಬಿಚ್ಚಿಕೊಟ್ಟು ದಾವೀದನೊಡನೆ ಮಾಡಿಕೊಂಡ ಒಡಂಬಡಿಕೆಯ ಪದ. ಕನ್ನಡದಲ್ಲಿ 'ದಯೆ' ಎಂದಿದೆ. ಅಷ್ಟು ಸಾಲದೆಂದು ದೇವಿದಾಸನ ಹಟ.

"ಮೊಹಬ್ಬತ್ ಅನ್ನು, ಮುಗೀತು," ಎಂದು ಜಲಾಲುದ್ದೀನ ನಗುತ್ತಿದ್ದ.

"ಅದು ತಣ್ಣಗಾಗ್ತದ."

"ಹಂಗಾದ್ರ ನಿನ್ನ ಬಾಯಿ ಅನ್ನು. ಅದು ಎಂದೂ ತಣ್ಣಗಾಗಲ್ಲ."

ನಲವತ್ತೆಂಟರ ಪೊಲೀಸ್ ಕಾರ್ಯಾಚರಣೆಯ ಗಲಭೆಯಲ್ಲಿ ಜಲಾಲುದ್ದೀನ ಸತ್ತ. ಅಂಗಡಿಗಳೆಲ್ಲ ಮುಚ್ಚಿದ್ದವು. ದೇವಿದಾಸ ತನ್ನ ಬಿಳಿ ಧೋತರಗಳನ್ನು ಹೊತ್ತು ತನ್ನೂರು ಹುಮನಾಬಾದಿನಿಂದ ಕಲ್ಯಾಣಿಗೆ ನಡೆದೇ ಹೋದ. ಶವಕ್ಕೆ ಸುತ್ತುವ ಕಫನಿಗೆ ಹೊಲಿಗೆಯಿಲ್ಲವೆಂಬುದನ್ನು ಮಾತು ಕೊಡುವಾಗ ಇಬ್ಬರು ದರ್ಜಿಗಳೂ ಮರೆತಿದ್ದರು. ದೇವಿದಾಸ ಹಿಡಿದ ಸೂಜಿಯನ್ನು ಬದಿಗಿಟ್ಟು, ಬಟ್ಟೆಯನ್ನಷ್ಟೇ ಅಳೆದು ಹರಿದುಕೊಟ್ಟು ಮರಳಿದ. ಅಂದಿನಿಂದ ಹಬ್ಬಕ್ಕೆ ಸರ್ದಾರಬಿಯ ಮಕ್ಕಳ ಅಂಗಿಗೆ ಇವನದೇ ಹೊಲಿಗೆ.

"ಎಷ್ಟು ದಿನಾ ಹೊಲೀತೀರಿ?" ಎಂದು ಮುಕ್ತಾಬಾಯಿ ಒಮ್ಮೆ ಕೇಳಿದ್ದಳು.

"ನಾ ಸತ್ತರ ನನ್ನ ಮನೀನ ಕೈಬಿಡಬ್ಯಾಡ ಅಂತಾನ ಯೋನಾತಾನ. ಹೆಸೆದ್ ಅಂದ್ರ ಅದೇ ನೋಡು. ಮನುಷ್ಯಾ ಹೋದ್ರೂ ಮನೀ ತನಕಾ ನಡೀತದ."

*

ಮುಕ್ತಾಬಾಯಿ ಕಣ್ಣೊರೆಸಿಕೊಂಡು ಎದ್ದಳು. "ನರಸಿಂಗಣ್ಣಾ, ಕೋಟು ಮ್ಯಾಲ ಇರಲಿ. ಒಳಗ ಭಾಭೀ ಅಂಗಿ. ಪಾದ್ರಿಗಳಿಗೆ ನೆಳ್ಳಾಗ ಕೂಡ್ರಿ ಅನ್ರಿ."

"ಗಂಡನಂಗೇ ಹಟ," ಎಂದು ಗೊಣಗುತ್ತ ನರಸಿಂಗ ಕೋಟಿನ ಗುಂಡಿ ಬಿಚ್ಚತೊಡಗಿದ.

ಸರ್ದಾರಬಿ ಸೂಜಿ ಚುಚ್ಚದಂತೆ ಗಂಡನ ಹಿತ್ತಾಳೆಯ ಅಂಗುಸ್ತಾನವನ್ನು ಬೆರಳಿಗೇರಿಸಿ ತೋಳು ಹಚ್ಚಲು ಕುಳಿತಳು. ದೊಡ್ಡ ಬೆರಳಿನವನದು; ಸೂಜಿ ಒತ್ತಿದಾಗಲೆಲ್ಲ ಜಾರಿ, ಪೆಟ್ಟಿಗೆಗೆ ಬಡಿದು ಟಣ್ಣೆನ್ನುತ್ತಿತ್ತು. ಮುಕ್ತಾಬಾಯಿ ತನ್ನ ಸೆರಗಿನ ಅಂಚನ್ನು ಹಲ್ಲಿನಿಂದ ಹರಿದು, ಸರ್ದಾರಬಿಯ ಬೆರಳಿಗೆ ಸುತ್ತಿ, ಅಂಗುಸ್ತಾನವನ್ನು ಮತ್ತೆ ತೊಡಿಸಿದಳು.