ಹದಿನೆಂಟನೆಯ ಹೆಸರು

ನಮ್ಮ ಶಾಲೆಯ ೧೯೭೪ರ ಏಳನೇ ತರಗತಿಯವರು ಇಪ್ಪತ್ತೈದು ವರ್ಷದ ನಂತರ ಒಟ್ಟಿಗೆ ಸೇರುವವರಿದ್ದರು. ಎಲ್ಲರ ಹೆಸರಿನ ಪಟ್ಟಿ ಮಾಡಿಸಲು ಅವರ ಕ್ಲಾಸ್ ಟೀಚರಾಗಿದ್ದ ನಾನು ಮಂಡಿ ಮೊಹಲ್ಲಾದ ಕಂಪ್ಯೂಟರ್ ಸೆಂಟರಿಗೆ ಹೋದೆ. ಕೈಯಲ್ಲಿ ಎರಡು ಪುಸ್ತಕ: ದಾಖಲಾತಿಯದು, ಮಾರ್ಚ್ ತಿಂಗಳ ಹಾಜರಿಯದು.

ಅಲ್ಲಿ ಕಲಿಸುವ ಹೇಮಶ್ರೀ ಎರಡನ್ನೂ ಟೈಪ್ ಮಾಡಿ ತಾಳೆ ನೋಡುವ ಒಂದು ಪ್ರೋಗ್ರಾಂ ಬರೆದಳು.

"ಎರಡು ಅರೇ, ಅಂದ್ರೆ ಎರಡು ಪಟ್ಟಿ ಮೇಡಂ. ಇದರ ಒಂದನೇದು, ಅದರ ಒಂದನೇದು. ಇದರ ಎರಡನೇದು, ಅದರ ಎರಡನೇದು. ಒಂದೇ ಆಗಿದ್ರೆ ಸುಮ್ನಿರತ್ತೆ. ಬೇರೆಯಾದ್ರೆ ಮಾತ್ರ ತೋರಿಸತ್ತೆ." ಏಸಿಯ ಚಳಿಗೆ ನಾನು ಸೆರಗು ಹೊದ್ದದ್ದು ಕಂಡು, ಮಾತಾಡುತ್ತಲೇ ತನ್ನ ಸ್ವೆಟರನ್ನು ನನ್ನ ಹೆಗಲಿಗೆ ಹಾಕಿದಳು.

ಹದಿನೇಳರವರೆಗೆ ಸುಮ್ಮನಿತ್ತು. ಹದಿನೆಂಟರಿಂದ ಕೊನೆಯವರೆಗೆ ಎಲ್ಲವೂ ಬೇರೆ.

"ಅಯ್ಯೋ, ಇಪ್ಪತ್ನಾಲ್ಕು ಜನಾನೂ ತಪ್ಪಾ?" ಎಂದು ನಕ್ಕಳು. ಆಮೇಲೆ ಬಗ್ಗಿ ನೋಡಿದಳು. "ಹಾಜರೀಲಿ ಒಂದು ಹೆಸರಿಲ್ಲ ಮೇಡಂ. ಅದಕ್ಕೇ ಕೆಳಗಿನೋರೆಲ್ಲ ಒಂದೊಂದು ಸಾಲು ಮೇಲೆ ಬಂದ್ಬುಟ್ಟಿದಾರೆ. ಗಿರಿಜಾಂಬಾ ಅಂತೆ. ದಾಖಲಾತೀಲೂ ತೆಗೆದುಬುಟ್ರೆ ಸರಿಹೋಗತ್ತೆ. ತೆಗೀಲಾ?"

ತೆಗಿ ಎನ್ನಬಹುದಿತ್ತು. ಜ್ವರ, ಮನೆಗೆ ಹೋಗ್ತೀನಿ ಎಂದ ಆ ಹುಡುಗಿಯನ್ನು ನಾಟಕವೆಂದು ಗದರಿಸಿ ಕೊನೆಯ ಬೆಲ್ಲಿನವರೆಗೆ ಕೂರಿಸಿದ್ದೆ. ಮೂರನೆಯ ದಿನ ತೀರಿಕೊಂಡಳು. ಮುಂದಿನ ತಿಂಗಳು ಮಾರ್ಚಿನ ಹಾಜರಿಗೆ ಹೆಸರುಗಳನ್ನು ಹೊಸದಾಗಿ ಬರೆಯುವಾಗ, ಅವಳ ಎದುರು ಕೆಂಪು ಶಾಯಿಯಲ್ಲಿ ಕಾರಣ ಬರೆಯಲಾರದೆ ಹೆಸರನ್ನೇ ಬಿಟ್ಟೆ. ಆದರೂ ಪ್ರತಿ ಬೆಳಿಗ್ಗೆ ಹದಿನೇಳಾದ ಮೇಲೆ ನನ್ನ ನಾಲಿಗೆ ನಿಲ್ಲುತ್ತಿತ್ತು. ಆ ಮೌನದಲ್ಲಿ ಅವಳು ಕೂರುತ್ತಿದ್ದ ಮೂರನೇ ಬೆಂಚಿನಿಂದ ಯಾರೋ ಏಳುವ ಸದ್ದು. ನಿವೃತ್ತಳಾದ ಮೇಲೂ ಅದು ನನ್ನನ್ನು ಬಿಟ್ಟಿರಲಿಲ್ಲ.

"ತೆಗೀಬೇಡ ಕಣಮ್ಮ. ಹಾಜರೀಲಿ ಬಿಟ್ಟೋಳು ನಾನೇ." ಎಲ್ಲವನ್ನೂ ಹೇಳಿದೆ.

ಹೇಮಶ್ರೀ ನನ್ನ ಮುಖ ನೋಡಲಿಲ್ಲ. ನೋಡದಿದ್ದುದೇ ಅವಳ ಒಳ್ಳೆಯತನ. ಹಾಜರಿಯ ಹದಿನೆಂಟರಲ್ಲಿ ಹೆಸರು ಸೇರಿಸಿ ಪ್ರೋಗ್ರಾಂ ಮತ್ತೆ ಓಡಿಸಿದಳು. ಪರದೆಯ ಮೇಲೆ ಒಂದು ಸಾಲೂ ಬರಲಿಲ್ಲ.

ನನಗೆ ಹಗುರವಾಗಬೇಕಿತ್ತು. ಆಗಲಿಲ್ಲ.

"ಅವಳಮ್ಮ ಇದಾರಾ ಮೇಡಂ?"

"ಕೆಸರೆ ಬಡಾವಣೇಲಿದಾರೆ. ದಾಕ್ಷಾಯಿಣಮ್ಮ."

"ಅವರಿಗೆ ಇದು ಗೊತ್ತಾ?"

"ಇಲ್ಲ."

"ಎಲ್ರೂ ಸೇರೋ ದಿನಕ್ಕೆ ಅವರಿಗೂ ಆಹ್ವಾನ ಪೋಸ್ಟಿಗೆ ಹಾಕ್ಲಾ?"

"ಬೇಡ. ನಾನೇ ಹೋಗಿ ಹೇಳ್ಬೇಕು."

ಲಕೋಟೆಯ ಮೇಲೆ ಆ ತಾಯಿಯ ಹೆಸರು ಬರೆಯಲು ಹೋಗಿ ಪೆನ್ನು ಕೆಳಗಿಟ್ಟೆ. ಹೇಮಶ್ರೀಯೇ ಬರೆದಳು. "ನಂಗೆ ಸಂಜೆವರೆಗೂ ಕ್ಲಾಸಿಲ್ಲ, ನಡೀರಿ" ಎಂದು ಜೊತೆಗೆ ಹೊರಟಳು. ಕೆಸರೆಯ ಬಸ್ಸಿನಲ್ಲಿ ನನ್ನ ಪಕ್ಕದ ಸೀಟು ಮೂರನೇ ಬೆಂಚಿನ ಆ ಜಾಗದಂತೆ ಖಾಲಿಯಿತ್ತು. ಅವಳು ಯಾಕೋ ಕೂರಲಿಲ್ಲ, ಕಂಬಿ ಹಿಡಿದು ನಿಂತೇ ಬಂದಳು. ಕೂತ್ಕೋ ಎಂದು ನಾನೂ ಹೇಳಲಿಲ್ಲ.