ನಾಲ್ವತ್ತೊಂದನೇ ನಂಬರಿನ ಮೂಲಿ ಸೈಟು

ಬೈಲಹೊಂಗಲದ ಹೊರಗ ಹೊಸಾ ಲೇಔಟಿನ ಮೂಲಿ ಸೈಟುಗಳನ್ನ ಹರಾಜಿಗೆ ಇಟ್ಟ ದಿನ ನಿಜಗುಣಪ್ಪ ಒಂದ ಮಾತು ಆಡಿದ, ಅದ ಅವನ್ನ ಮುಳುಗಿಸ್ತು. ಹತ್ತು ಸಾವಿರ, ಇಪ್ಪತ್ತು ಸಾವಿರ ಅಂತ ಏರಿಸಿಕೋತ ಹೋಗೂದು ಅಲ್ಲಿ ಪದ್ಧತಿ. ಇವ ನಾಲ್ವತ್ತೊಂದನೇ ನಂಬರ ಬಂದ ಕೂಡಲೆ ಎದ್ದು ನಿಂತು, ಹದಿನೆಂಟು ಲಕ್ಷಕ್ಕ ಸುರು ಆಗೂ ಸೈಟಿಗೆ ಮೂವತ್ತು ಲಕ್ಷ ಅಂತ ಒಂದ ಉಸಿರಿನ್ಯಾಗ ಕೂಗಿಬಿಟ್ಟ. ಸಭಾ ಎಲ್ಲಾ ಗಪ್ಪಾತು. ಮತ್ತೊಬ್ಬ ಬಾಯಿ ತೆರೀಲಿಲ್ಲ.

"ಹುಚ್ಚ ಹಿಡದೈತೇನ್ರಿ ನಿಮಗ?" ಅಂತ ರಾಚವ್ವ ಗಂಡನ ತೋಳು ಜಗ್ಗಿದ್ಲು.

"ಅನ್ನವ್ವನ ಮ್ಯಾಲೆ ಚೌಕಾಸಿ ಮಾಡ್ಲೇನ?" ಅಂದ. ಆಕಿ ಹಿಡದ ತೋಳು ಬಿಟ್ಲು.

ಆ ಲೇಔಟು ಒಂದ ಕಾಲಕ್ಕ ಇವರದ ಹೊಲ. ಸರಕಾರದವರು ತಗೊಂಡ್ರು, ಪರಿಹಾರ ಕೊಟ್ಟರು, ಅದರ ಬಗ್ಗೆ ಇವರದೇನೂ ತಕರಾರಿಲ್ಲ. ಆದ್ರ ಬದುವಿನ ಮೂಲ್ಯಾಗ ಏಳು ವರ್ಷದ ಮಗಳು ಅನ್ನಪೂರ್ಣಾನ್ನ, ಮನಿಯವರ ಅನ್ನವ್ವನ್ನ, ಮಣ್ಣು ಮಾಡಿದ್ರು. ತಲಿ ಕಡೆ ಒಂದು ಬಿಲ್ವಪತ್ರಿ ಗಿಡಾ ಹಚ್ಚಿದ್ರು. ಪ್ರತಿ ಸೋಮವಾರ ರಾಚವ್ವ ಅದಕ್ಕ ನೀರು ಹಾಕಾಕಿ. ನಕ್ಷಾದಾಗ ಆ ಮೂಲಿಗೆ ನಾಲ್ವತ್ತೊಂದು ಅಂತ ನಂಬರ ಬಿತ್ತು. ಸಮಾಧಿ ಐತಿ ಅಂತ ಬಾಯಿ ಬಿಟ್ರ, ಅಗದು ಬ್ಯಾರೆ ಕಡೆ ಒಯ್ರಿ ಅಂತಾರ ಅನ್ನೂ ಹೆದರಿಕಿಗೆ ಗಂಡಾ ಹೆಂಡತಿ ಯಾರ ಮುಂದೂ ಹೇಳಲಿಲ್ಲ. ಪರಿಹಾರದ ರೊಕ್ಕ ಮುಟ್ಟದ ಇಟ್ಟು ಹರಾಜಿನ ದಾರಿ ಕಾಯ್ದಿದ್ರು.

ಹದಿನೈದ ದಿನಕ್ಕ ಹರಾಜು ಮಾಡಿದ ಕಚೇರಿಯಿಂದ ಒಂದ ಸಾಲಿನ ಪತ್ರ ಬಂತು: ನಿಮ್ಮ ಬಿಡ್ ತಿರಸ್ಕರಿಸಲಾಗಿದೆ. ಯಾಕ ಅನ್ನೂದನ್ನ ಬರದಿದ್ದಿಲ್ಲ, ಪುಣ್ಯಾತ್ಮರು.

ಪತ್ರ ಹಿಡಕೊಂಡು ಧಾರವಾಡಕ್ಕ ಹೋದ್ರು. ವಕೀಲರು ಪ್ರಜ್ಞಾ ಅಂತ, ಸಣ್ಣ ವಯಸ್ಸಿನಾಕಿ. "ಹೆಚ್ಚಿಗಿ ಕೂಗಿದ ಮಾತ್ರಕ್ಕ ಸೈಟು ನಿಮ್ಮದಾಗಂಗಿಲ್ರಿ ಕಾಕಾರ. ಮಂಜೂರಿ ಆಗೂ ತನಕ ಹಕ್ಕಿಲ್ಲ. ಆದ್ರ ಬ್ಯಾಡ ಅನ್ನಾಕ ಅವರಿಗೂ ಸರಿಯಾದ ಕಾರಣಾ ಬೇಕು. ಮನಸಿಗೆ ಬಂದಂಗ ಒಗ್ಯಾಕ ಅದೇನ ಅವರ ಮನಿ ಆಸ್ತಿ ಅಲ್ಲ" ಅಂದ್ರು.

ಕೋರ್ಟಿಗೆ ಹಾಕಿದ್ರು, ವರ್ಷದ ಮ್ಯಾಲೆ ಗೆದ್ರು. ಪತ್ರ ರದ್ದಾತು. ಮತ್ತ ವಿಚಾರ ಮಾಡ್ರಿ, ಏನ ಮಾಡಿದ್ರೂ ಕಾರಣಾ ಬರೀರಿ ಅಂತ ಕೋರ್ಟು ತಾಕೀತು ಮಾಡ್ತು. ರಾಚವ್ವ ಧಾರವಾಡದ ಬಸ್ಸಿನ್ಯಾಗ ಪೇಢೆ ಪೊಟ್ಟಣಾ ಉಡಿಯಾಗ ಇಟಗೊಂಡು ಬಂದು, ಪತ್ರಿ ಗಿಡದ ಬುಡಕ ಒಂದು ಪೇಢೆ ಇಟ್ಲು. ಅನ್ನವ್ವಗ ಸಿಹಿ ಅಂದ್ರ ಜೀವ ಇತ್ತು.

ಈ ಸಲ ಕಚೇರಿಯವರು ಎರಡ ಪುಟ ಬರದ್ರು. ಒಬ್ಬನ ಒಂದ ಏಟಿಗೆ ಕೂಗ್ಯಾನ, ಉಳಿದವರು ಗಪ್ಪ ಕುಂತಾರ, ಪೈಪೋಟಿನ ಆಗಿಲ್ಲ. ಒಬ್ಬ ಇಷ್ಟು ಕೊಡತಾನಂದ್ರ ಬೆಲಿ ಇನ್ನೂ ಹೆಚ್ಚಿರಬೇಕು, ಅದಕ್ಕ ಮರುಹರಾಜು. ಪ್ರಜ್ಞಾ ಎರಡ ಸಲ ಓದಿದ್ರು. "ಇದು ಕಾರಣಾ ಐತ್ರಿ ಕಾಕೂ. ಇದನ್ನ ಕೋರ್ಟು ಮುಟ್ಟೂದು ಕಷ್ಟ" ಅಂದ್ರು. ಅಯ್ಯ ಶಿವನ, ಮಗಳ ಮ್ಯಾಲಿನ ಮಾಯಾನ ಮಗಳಿಗೆ ಮುಳುವಾತು!

ಮರುಹರಾಜಿಗೆ ಕಟಕೋಳದ ಕಾಳಿನ ವ್ಯಾಪಾರಿ ಸುಭಾಸ ಬಂದಿದ್ದ. ಮೂವತ್ತು ಲಕ್ಷಕ್ಕ ಸುರು. ನಿಜಗುಣಪ್ಪ ಹತ್ತು ಸಾವಿರ ಏರಿಸಿದ, ಸುಭಾಸ ಹತ್ತು ಸಾವಿರ ಏರಿಸಿದ. ಮತ್ತ ಹತ್ತು, ಮತ್ತ ಹತ್ತು. ಸುಭಾಸ ಮೂವತ್ತೊಂದು ಲಕ್ಷ ಅಂದಾಗ ನಿಜಗುಣಪ್ಪ ಏರಿಸೂದು ಬಿಟ್ಟು ಕುಂತಬಿಟ್ಟ.

"ಕೂಗ್ರಿ! ರೊಕ್ಕ ಐತಿ, ಕೂಗ್ರಿ!"

"ನನ್ನಿಂದ ಆಗಂಗಿಲ್ಲ ರಾಚವ್ವಾ. ಕೂಗಿದ ಸಲಾನೂ ಆಕಿನ್ನ ತಕ್ಕಡಿಯಾಗ ಇಟ್ಟಂಗ ಆಗಾಕ ಹತ್ತೈತಿ."

ರಾಚವ್ವ ತಾನ ಎದ್ದು ನಿಂತು "ಮೂವತ್ತೆರಡು!" ಅಂತ ಚೀರಿದ್ಲು. ಠೇವಣಿ ಯಾರ ಹೆಸರಿನ್ಯಾಗ ಐತಿ ಅವರ ಕೂಗಬೇಕ್ರಿ ಅಂದ ಅಧಿಕಾರಿ. ಆಕಿ ಗಂಡನ ಭುಜಾ ಹಿಡದು ಅಳ್ಳಾಡಿಸಿದ್ಲು. ಅವ ತಲಿ ತಗ್ಗಿಸಿ ಅಳಾಕ ಹತ್ತಿದ್ದ. ಒಂದು, ಎರಡು, ಮೂರು ಅಂತ ಎಣಿಸಿ ಮುಗಿಸಿದ್ರು. ಸೈಟು ಸುಭಾಸನ ಹೆಸರಿಗೆ ಹೋತು.

ತಿಂಗಳೊಪ್ಪತ್ತಿನ್ಯಾಗ ಮಂಜೂರಿನೂ ಆತು. ಒಂದು ಸೋಮವಾರ ಇಬ್ಬರೂ ನೀರು ತಗೊಂಡು ಹೋದಾಗ ಸುಭಾಸ ಟೇಪ ಹಿಡದು ನಿಂತಿದ್ದ, ಗೌಂಡಿ ಸುಣ್ಣದ ಗೆರಿ ಹಾಕಾಕ ಹತ್ತಿದ್ದ. ಸುಭಾಸ ಕೆಟ್ಟ ಮನಷ್ಯಾ ಅಲ್ಲ.

"ಗಿಡಾ ನಿಮ್ಮದೇನ್ರಿ ಅವ್ವಾರ? ಪಾಯಾ ಇಲ್ಲೇ ಬರತೈತಿ, ತಗೀಬೇಕಾಗತೈತ್ರಿ" ಅಂದ.

ನಿಜಗುಣಪ್ಪ ಕೊಡಾ ಕೆಳಗಿಟ್ಟು ಕೈ ಮುಗದ.

"ಗಿಡಾ ತಗೀರಿ ತಮ್ಮಾ. ಖರೆ ಪಾಯಾ ಸ್ವಲ್ಪ ಹೌರಗ ತೋಡ್ರಿ. ಕೆಳಗ ನಮ್ಮ ಕೂಸು ಮಲಗೈತಿ."