ಗೋಡೆಯ ಮೇಲಿನ ಮಹದೇವಯ್ಯ

ಫೋಟೊದಲ್ಲಿದ್ದ ಹುಡುಗನಿಗೆ ಗಂಧದ ಹಾರ ಹಾಕಿದ್ದರು. ಗಾಜಿನ ಮೇಲೆ, ಹಣೆಯ ನೇರಕ್ಕೆ ಸರಿಯಾಗಿ, ಒಂದು ಕುಂಕುಮದ ಬೊಟ್ಟು. ಕೆಳಗಿನ ಹಿತ್ತಾಳೆ ತಗಡಿನಲ್ಲಿ ‘ದಿವಂಗತ ಹಿನಕಲ್ ಮಹದೇವಯ್ಯ, ಬಿ.ಎ., ರಾಜ್ಯ ಖೋ-ಖೋ ತಂಡ’ ಎಂದು ಕೆತ್ತಿಸಿದ್ದರು. ಅದರ ಕೆಳಗೆ, ಮೊಮ್ಮಗಳು ಬಿಂದುವಿನ ಅಂಕಪಟ್ಟಿಯ ಜೆರಾಕ್ಸ್ ಹಿಡಿದುಕೊಂಡು, ಎಪ್ಪತ್ತು ದಾಟಿದ ಹಿನಕಲ್ ಮಹದೇವಯ್ಯನವರು ಜೀವಂತವಾಗಿ ನಿಂತಿದ್ದರು.

ಅವರಿಗೆ ಸಿಟ್ಟು ಬರಬೇಕಿತ್ತು, ನ್ಯಾಯವಾಗಿ. ಆದರೆ ಸಿಟ್ಟಿನ ಬದಲು ಎದೆ ಉಬ್ಬಿತು. ಹಾಗೆ ಉಬ್ಬಿದ್ದಕ್ಕೆ ಅವರಿಗೇ ಸ್ವಲ್ಪ ನಾಚಿಕೆಯಾಗಿ ಅತ್ತ ಇತ್ತ ನೋಡಿದರು. ಎಡಗಡೆಯ ಫೋಟೊದಲ್ಲಿ ಹೈಕೋರ್ಟಿನ ನ್ಯಾಯಮೂರ್ತಿಯೊಬ್ಬರಿದ್ದರು. ಬಲಗಡೆ ವೀಣೆ ನುಡಿಸುತ್ತಿದ್ದ ಒಬ್ಬ ಹೆಂಗಸು. ಅದರಾಚೆ ಹಿಂದೆಂದೋ ಮಂತ್ರಿಯಾಗಿದ್ದವರು. ‘ನಮ್ಮ ಹೆಮ್ಮೆಯ ಹಳೆಯ ವಿದ್ಯಾರ್ಥಿಗಳು’ ಎಂದು ಮೇಲೆ ದೊಡ್ಡಕ್ಷರದಲ್ಲಿ ಬರೆಸಿತ್ತು. ಲಕ್ಷ್ಮೀಪುರಂನ ಈ ಪುಟ್ಟ ಕಾಲೇಜು ಕಲೆ, ಸಾಹಿತ್ಯ ಬಿಟ್ಟು ಬೇರೇನನ್ನೂ ಕಲಿಸಿದ್ದಲ್ಲ. ಡಾಕ್ಟರು, ಎಂಜಿನಿಯರು ಇಲ್ಲಿಂದ ಹೊರಟವರಲ್ಲ. ಹಾಗಾಗಿ ದೊಡ್ಡವರನ್ನು ಹುಡುಕುವುದಕ್ಕೆ ಕಷ್ಟಪಟ್ಟಿರಬೇಕು.

“ಯಾರನ್ನ ನೋಡ್ಬೇಕಿತ್ತು ಸರ್?” ಎಂದು ಕೇಳುತ್ತಾ ಒಬ್ಬ ಅಧ್ಯಾಪಕಿ ಬಂದರು. ಕೊರಳಿನ ಪಟ್ಟಿಯಲ್ಲಿ ಅನುಪಮಾ, ಸಮಾಜಶಾಸ್ತ್ರ ಎಂದಿತ್ತು.

“ಮೊಮ್ಮಗಳ ಅಪ್ಲಿಕೇಶನ್ ಕೊಡಕ್ಕೆ ಬಂದೆ ಕಣಮ್ಮ. ಇವೆಲ್ಲ ಹೊಸದಾಗಿ ಹಾಕಿರೋದಾ?”

“ಹೂಂ ಸರ್. ಮುಂದಿನ ವಾರ ತಪಾಸಣೆ ತಂಡ ಬರುತ್ತೆ. ನಮ್ಮಲ್ಲಿ ಓದಿ ಹೆಸರು ಮಾಡಿದವರು ಯಾರು ಅಂತ ಕೇಳ್ತಾರಲ್ಲ, ಅದಕ್ಕೆ.”

“ಎಲ್ಲಾ ತೀರ್ಕೊಂಡವರೇ ಅವ್ರೆ ಅಲ್ವಾ?”

ಅನುಪಮಾ ನಕ್ಕರು. “ಅದೊಂದು ದೊಡ್ಡ ಕಥೆ ಸರ್. ಮೊದಲು ಬದುಕಿರೋರನ್ನೂ ಹಾಕೋಣ ಅಂತಿದ್ವಿ. ಈ ಪಕ್ಷದವರನ್ನ ಹಾಕಿದ್ರೆ ಆ ಪಕ್ಷದವರು ಗೇಟ್ ಹತ್ರ ಬಂದು ಕೂಗಾಡಿದ್ರು. ಅವರ ಜಾತಿಯವರು ಇಬ್ಬರಿದ್ದಾರೆ, ನಮ್ಮವರು ಒಬ್ಬರೇ ಅಂತ ಫೋನ್ ಬಂತು. ಒಬ್ಬರಂತೂ ನನ್ನ ಫೋಟೊ ನಡುವೆನೇ ಇರಬೇಕು ಅಂತ ಹಟ ಹಿಡಿದ್ರು. ಕಮಿಟಿಯವರಿಗೆ ಸಾಕುಬೇಕಾಯ್ತು. ತೀರ್ಕೊಂಡವರು ಮಾತ್ರ ಅಂತ ತೀರ್ಮಾನ ಮಾಡಿಬಿಟ್ರು. ಇವರು ಯಾರ ತಂಟೆಗೂ ಬರಲ್ಲ ನೋಡಿ.”

ಮಹದೇವಯ್ಯನವರು ‘ಅದು ನಾನೇ’ ಎಂದು ಹೇಳುವುದಕ್ಕೆ ಬಾಯಿ ತೆರೆದಿದ್ದವರು ಹಾಗೇ ಮುಚ್ಚಿಕೊಂಡರು. ಯಾರದೋ ವಿಷಯ ಕೇಳುವವರಂತೆ, “ಈ ಖೋ-ಖೋ ಹುಡುಗ ಯಾರು?” ಎಂದರು.

“ಓ, ಅವರಾ! ಹಳೇ ವಿದ್ಯಾರ್ಥಿ ಸಂಘದ ಕರಿಬಸವಯ್ಯನವರು ಸೂಚಿಸಿದ್ದು. ಅವರ ಕಾಲದಲ್ಲಿ ಅಂಥ ಓಟಗಾರ ಇನ್ನೊಬ್ಬರಿರಲಿಲ್ವಂತೆ. ಇವರ ಆಟ ಇದೆ ಅಂದ್ರೆ ಬೇರೆ ಕಾಲೇಜಿನವರು ಕ್ಲಾಸಿಗೆ ಚಕ್ಕರ್ ಹೊಡೆದು ಬರ್ತಿದ್ರಂತೆ. ಪಾಪ, ಹೋದ ವರ್ಷ ಹೋಗಿಬಿಟ್ರು. ಹಿನಕಲ್ ಸರ್ಕಲ್‌ನಲ್ಲಿ ಶ್ರದ್ಧಾಂಜಲಿ ಫ್ಲೆಕ್ಸ್ ಹಾಕಿದ್ದನ್ನ ಕರಿಬಸವಯ್ಯನವರೇ ಬಸ್ಸಿಂದ ನೋಡಿದ್ರಂತೆ.”

ಆ ಫ್ಲೆಕ್ಸನ್ನು ಮಹದೇವಯ್ಯನವರೂ ನೋಡಿದ್ದರು. ಅದು ಹಾಲಿನ ಡೇರಿಯ ಮಹದೇವಯ್ಯನದು. ಹಿನಕಲ್‌ನ ಬೀದಿಯಲ್ಲಿ ನಿಂತು ಮಹದೇವಯ್ಯಾ ಎಂದು ಕೂಗಿದರೆ ಮೂರು ನಾಲ್ಕು ಜನ ತಿರುಗಿ ನೋಡುತ್ತಾರೆ. ಕರಿಬಸವಯ್ಯ ಇವರ ಮುಖ ನೋಡಿ ಐವತ್ತು ವರ್ಷವಾಗಿದೆ. ಫ್ಲೆಕ್ಸಿನಲ್ಲಿ ಒಂದು ಬೋಳು ತಲೆ, ಊರು, ಹೆಸರು ಕಂಡರೆ ಅವನಾದರೂ ಇನ್ನೇನೆಂದುಕೊಳ್ಳಬೇಕು?

“ನೀವು ಅವರಿಗೆ ಏನಾಗ್ಬೇಕು ಸರ್?” ಅನುಪಮಾ ಕೇಳಿದರು.

“ಒಂದೇ ಮನೆಯವರು ಕಣಮ್ಮ,” ಎಂದು ಹೇಳಿ ಮಹದೇವಯ್ಯನವರು ಆಫೀಸಿನ ಕಡೆ ಹೊರಟರು.

ಅವರು ಸುಳ್ಳು ಹೇಳುವ ಮನುಷ್ಯರಲ್ಲ. ವಿದ್ಯುತ್ ಕಚೇರಿಯಲ್ಲಿ ಗುಮಾಸ್ತರಾಗಿ ಇದ್ದಷ್ಟು ವರ್ಷವೂ ತಲೆ ತಗ್ಗಿಸಿ ಕೆಲಸ ಮಾಡಿ, ತಲೆ ತಗ್ಗಿಸಿಯೇ ನಿವೃತ್ತರಾದವರು. ಬೀಳ್ಕೊಡುಗೆ ದಿನ ಸಾಹೇಬರು ಇವರ ಬಗ್ಗೆ ಏನು ಹೇಳಬೇಕೆಂದು ತೋಚದೆ ‘ಬಹಳ ಸಜ್ಜನರು’ ಎಂದು ಮೂರು ಸಲ ಹೇಳಿ ಕೂತಿದ್ದರು. ಖೋ-ಖೋ ವಿಷಯ ಮನೆಯಲ್ಲೂ ಯಾರಿಗೂ ಬೇಕಿರಲಿಲ್ಲ. ಟೀವಿಯಲ್ಲಿ ಬಾರದ ಆಟ ಅದೆಂಥ ಆಟ ಎಂದು ಮಗ ನಕ್ಕಿದ್ದ. ಬಿಂದು ‘ಹೌದಾ ತಾತ’ ಎಂದು ಹೇಳಿ ಮೊಬೈಲ್ ನೋಡುತ್ತಿದ್ದಳು. ಈಗ ಮೊದಲ ಸಲ ಒಂದು ಗೋಡೆ ಅವರಿಗೆ ಜಾಗ ಕೊಟ್ಟಿತ್ತು. ಬದುಕಿದ್ದೇನೆಂದು ಒಂದು ಮಾತು ಆಡಿದರೆ ಸಾಕು, ಆ ಜಾಗ ಹೋಗುತ್ತದೆ. ಅದಕ್ಕೆ ಅವರು ಬಾಯಿ ಬಿಡಲಿಲ್ಲ. ಆಮೇಲೆ ಅರ್ಜಿಯ ನೆಪ ಮಾಡಿಕೊಂಡು ಇನ್ನೆರಡು ಸಲ ಕಾಲೇಜಿಗೆ ಹೋಗಿ ಫೋಟೊ ನೋಡಿಕೊಂಡು ಬಂದರು.

ಬಾಯಿ ಬಿಡಬಾರದಿದ್ದ ಇನ್ನೊಂದು ಕಡೆ ಮಾತ್ರ ಬಿಟ್ಟರು. ಊಟಕ್ಕೆ ಕೂತಾಗ ತಡೆಯಲಾರದೆ ಹೆಂಡತಿಯ ಹತ್ತಿರ, “ಕಾಲೇಜಲ್ಲಿ ನನ್ ಫೋಟೊ ಹಾಕವ್ರೆ ಕಣಮ್ಮಿ. ಜಡ್ಜ್ ಪಕ್ಕದಲ್ಲಿ,” ಎಂದರು. ಹಾರದ ಮಾತೆತ್ತಲಿಲ್ಲ. ಸಂಜೆಯೊಳಗೆ ಬೀರಮ್ಮ ಆ ಸುದ್ದಿಯನ್ನು ಹಿಟ್ಟಿನ ಗಿರಣಿಗೂ ಮಹಿಳಾ ಸಂಘಕ್ಕೂ ತಲುಪಿಸಿಯಾಗಿತ್ತು.

“ನಾನೂ ನೋಡ್ಬೇಕು, ಕರ್ಕೊಂಡೋಗಿ,” ಎಂದು ಆಕೆ ಪಟ್ಟು ಹಿಡಿದರು. ಮಹದೇವಯ್ಯನವರು ಗೋಡೆಗೆ ಬಣ್ಣ ಬಳೀತಾವ್ರೆ ಎಂದರು, ಪರೀಕ್ಷೆ ನಡೀತದೆ ಎಂದರು, ಮಂಡಿ ನೋವು ಎಂದರು. ಯಾವುದೂ ನಡೆಯಲಿಲ್ಲ. ಬೀರಮ್ಮ ಮಗನ ಮದುವೆಗೆ ಉಟ್ಟಿದ್ದ ರೇಷ್ಮೆ ಸೀರೆ ಉಟ್ಟು, ಮಲ್ಲಿಗೆ ಮುಡಿದು, ಬಸ್‌ಸ್ಟಾಪಿನಲ್ಲಿ ಗಂಡನಿಗಿಂತ ಮುಂದೆ ನಿಂತಿದ್ದರು.

ಹಾರ ನೋಡಿ ಅರ್ಥ ಮಾಡಿಕೊಳ್ಳುವುದಕ್ಕೆ ಅಕ್ಷರ ಬರಬೇಕಾಗಿಲ್ಲ. ಕಾಲೇಜಿನ ಪಡಸಾಲೆಗೆ ನಗುನಗುತ್ತಾ ಬಂದ ಬೀರಮ್ಮ ಫೋಟೊದ ಮುಂದೆ ಗಕ್ಕನೆ ನಿಂತರು. ಕೈ ತಾನಾಗಿ ಸೆರಗಿನೊಳಗೆ ಹೋಗಿ ತಾಳಿ ಹಿಡಿದುಕೊಂಡಿತು.

“ಏನ್ರೀ ಇದು?”

“ಗೊತ್ತಿಲ್ದೆ ಮಾಡವ್ರೆ ಕಣಮ್ಮಿ. ಡೇರಿ ಮಹದೇವಯ್ಯ ಹೋಗ್ಲಿಲ್ವಾ, ಅವ್ನೇ ನಾನು ಅಂದ್ಕೊಂಡವ್ರೆ.”

“ನಿಮ್ಗೆ ಗೊತ್ತಿತ್ತಾ?”

ಮಹದೇವಯ್ಯನವರು ಪಕ್ಕದ ನ್ಯಾಯಮೂರ್ತಿಯ ಫೋಟೊದ ಕಡೆ ನೋಡಿದರು.

“ಗೊತ್ತಿದ್ದೂ ಸುಮ್ಕೆ ಬಂದ್ಬುಟ್ರಾ? ನಾನು ಅಲ್ಲಿ ಅರಿಶಿನ ಕುಂಕುಮ ಇಟ್ಕೊಂಡು ಬೀದೀಲೆಲ್ಲಾ ಹೇಳ್ಕೊಂಡು ತಿರುಗ್ತಾವ್ನಿ, ನೀವಿಲ್ಲಿ ಸತ್ತು ನೇತಾಡ್ತಾ ಇದ್ದೀರಾ? ಎಂಗೆ ಮನಸ್ಸು ಬಂತು ನಿಮ್ಗೆ? ತೆಗೀರಿ ಅದ್ನ. ತೆಗೀರಿ ಅಂದೆ!”

ಗದ್ದಲ ಕೇಳಿ ಅನುಪಮಾ ಓಡಿಬಂದರು. ಮಹದೇವಯ್ಯನವರ ಮುಖ ನೋಡಿದರು, ಫೋಟೊ ನೋಡಿದರು, ಮತ್ತೆ ಮುಖ ನೋಡಿದರು. ಆ ಕಿವಿ, ಆ ಮೂಗು, ಈಗ ಕಂಡಿತು.

“ಅಯ್ಯಯ್ಯೋ! ಒಂದೇ ಮನೆಯವರು ಅಂದ್ರಲ್ಲ ಸರ್?”

“ಸುಳ್ಳೇನ್ ಹೇಳ್ಲಿಲ್ವಲ್ಲ ಕಣಮ್ಮ.”

ಪಾಪ, ಆ ಹೆಣ್ಣುಮಗಳ ಕಣ್ಣಲ್ಲಿ ನೀರೇ ಬಂತು. ಬೀರಮ್ಮನ ಎರಡೂ ಕೈ ಹಿಡಿದುಕೊಂಡು, ತಪ್ಪಾಯ್ತಮ್ಮ, ಯಾರೂ ಬೇಕು ಅಂತ ಮಾಡಿದ್ದಲ್ಲ, ಈಗಲೇ ತೆಗೆಸ್ತೀನಿ ಎಂದರು. ಅಟೆಂಡರನ್ನು ಕೂಗಿ ಸ್ಟೂಲು ತರಿಸಿದರು. ಅವನು ಹತ್ತುವುದಕ್ಕೆ ಮೊದಲು ತಾವೇ ತಡೆದು ಮಹದೇವಯ್ಯನವರ ಕಡೆ ತಿರುಗಿದರು.

“ಸರ್, ಹಾರ ತೆಗೆದ ಮೇಲೆ ಫೋಟೊನೂ ಇಳಿಸಬೇಕಾಗುತ್ತೆ. ನನಗೆ ಬೇರೆ ದಾರಿ ಇಲ್ಲ. ಬದುಕಿರೋರೊಬ್ಬರು ಇದ್ದಾರೆ ಅಂತ ಗೊತ್ತಾದ್ರೆ ನಾಳೆನೇ ಇನ್ನು ಹತ್ತು ಜನ ಫೋಟೊ ಹಿಡ್ಕೊಂಡು ಬಂದು ನಿಲ್ತಾರೆ.”

“ಗೊತ್ತು ಬುಡಿಯಮ್ಮ,” ಎಂದರು ಮಹದೇವಯ್ಯನವರು. ದನಿಯಲ್ಲೇನೂ ಇರಲಿಲ್ಲ. ಆದರೆ ಇಷ್ಟು ವರ್ಷ ಜೊತೆಯಲ್ಲಿ ಬಾಳಿದವಳಿಗೆ ದನಿ ಒಂದೇ ಸಾಕ್ಷಿಯಲ್ಲ. ಬೀರಮ್ಮ ಗಂಡನ ಮುಖ ನೋಡಿದರು. ಮಗ ಮನೆ ಭಾಗ ಕೇಳಿದಾಗಲೂ ಹೀಗೆ ಕಳೆಗುಂದದ ಮುಖ ಅದು.

“ಅಷ್ಟು ಚೆನ್ನಾಗಿ ಆಡ್ತಿದ್ರಾ ಇವ್ರು?” ಎಂದು ಅನುಪಮಾರನ್ನು ಕೇಳಿದರು.

“ಇವರ ಹಾಗೆ ಓಡೋರು ಆಮೇಲೆ ಯಾರೂ ಬರಲಿಲ್ವಂತಮ್ಮ. ಬೇರೆ ಕಾಲೇಜಿನವರೂ ಪಾಠ ಬಿಟ್ಟು ನೋಡಕ್ಕೆ ಬರ್ತಿದ್ರಂತೆ.”

ಬೀರಮ್ಮ ನ್ಯಾಯಮೂರ್ತಿಯನ್ನು ನೋಡಿದರು, ವೀಣೆಯ ಹೆಂಗಸನ್ನು ನೋಡಿದರು, ನಡುವೆ ಮೀಸೆ ಚಿಗುರಿದ್ದ ಹುಡುಗನನ್ನು ನೋಡಿದರು. ಇವನನ್ನು ಆಕೆ ಕಂಡೇ ಇರಲಿಲ್ಲ. ಮದುವೆಯ ಹೊತ್ತಿಗೆ ಅವನು ಗುಮಾಸ್ತನಾಗಿದ್ದ.

“ಇರ್ಲಿ ಬುಡವ್ವ,” ಎಂದರು. “ಅಂಗೇ ಇರ್ಲಿ. ಯಾರಿಗ್ ಗೊತ್ತಾಯ್ತದೆ.”

“ಏ, ಬ್ಯಾಡ ಕಣೆ.”

“ಇರ್ಲಿ ಅಂದ್ನಲ್ಲ. ನಾನೇನೂ ಅನ್ಕಳಲ್ಲ.”

ಹಾಗೆ ಹೇಳುವಾಗಲೂ ಸೆರಗಿನೊಳಗಿನ ಕೈ ಹೊರಗೆ ಬಂದಿರಲಿಲ್ಲ. ತಾಳಿಯನ್ನು ಹಿಡಿದ ಮುಷ್ಟಿ ಬಿಗಿದುಕೊಂಡೇ ಇತ್ತು. ಮಹದೇವಯ್ಯನವರಿಗೆ ಅದು ಕಂಡಿತು. ಇನ್ನು ಮೇಲೆ ತಾವು ಒಂದು ಸಲ ಕೆಮ್ಮಿದರೂ, ಹಾಲಿಗೆ ಹೋಗಿ ಬರುವುದು ತಡವಾದರೂ, ಈ ಹಾರ ಇವಳ ಕಣ್ಣ ಮುಂದೆ ಬರುತ್ತದೆ, ಆದರೂ ಇವಳು ಬಾಯಿ ಬಿಟ್ಟು ಹೇಳುವುದಿಲ್ಲ ಎಂದು ಅವರಿಗೆ ಅನ್ನಿಸಿತು. ಇಷ್ಟು ದಿನ ತಮ್ಮ ಸಂಭ್ರಮದಲ್ಲಿ ಇದೊಂದು ಯೋಚನೆ ಹೊಳೆಯಲಿಲ್ಲವಲ್ಲ ಎಂದು ತಮ್ಮ ಮೇಲೇ ಬೇಸರವಾಯಿತು.

ಚಪ್ಪಲಿ ಬಿಟ್ಟು ಸ್ಟೂಲು ಹತ್ತಿದರು. “ಸರ್, ಬೀಳ್ತೀರಿ, ಅವನು ತೆಗೀತಾನೆ,” ಎಂದು ಅನುಪಮಾ ಹೇಳುತ್ತಲೇ ಇದ್ದರು. ಬೀರಮ್ಮ ಎರಡೂ ಕೈಯಿಂದ ಸ್ಟೂಲು ಹಿಡಿದುಕೊಂಡರು. ಮಹದೇವಯ್ಯನವರು ಹಾರ ತೆಗೆದು ಅಟೆಂಡರ್ ಕೈಗೆ ಕೊಟ್ಟರು. ಒಂದು ಗಳಿಗೆ ಆ ಹುಡುಗನ ಮುಖಕ್ಕೆ ಮುಖ ಕೊಟ್ಟು ನಿಂತರು.

“ಬಾರಪ್ಪ, ಹೋಗೋಣ,” ಎಂದು ಮೆಲ್ಲಗೆ ಹೇಳಿ ಫೋಟೊವನ್ನು ಮೊಳೆಯಿಂದ ಎತ್ತಿದರು.

ಫೋಟೊವನ್ನು ಅವರೇ ಇಟ್ಟುಕೊಳ್ಳಲಿ ಎಂದು ಅನುಪಮಾ ಹಿತ್ತಾಳೆ ತಗಡು ಬಿಚ್ಚಿಸಿ ಕೊಟ್ಟರು. ಗೇಟಿನವರೆಗೂ ಜೊತೆಯಲ್ಲಿ ಬಂದರು. ಸಮಾಧಾನ ಹೇಳುವ ಭರದಲ್ಲಿ, “ಬೇಜಾರು ಮಾಡ್ಕೋಬೇಡಿ ಸರ್, ಮುಂದೆ ಯಾವತ್ತಾದ್ರೂ ಮತ್ತೆ ಹಾಕ್ಕೊಳ್ಳೋಣ,” ಎಂದುಬಿಟ್ಟು ನಾಲಿಗೆ ಕಚ್ಚಿಕೊಂಡರು.

“ಆವಾಗ ನಾನು ತಂದ್ಕೊಡಕ್ಕಾಗಲ್ಲ ಕಣಮ್ಮ, ನೀವೇ ಬಂದು ಇಸ್ಕೊಂಡೋಗ್ಬೇಕು,” ಎಂದು ಮಹದೇವಯ್ಯನವರು ನಕ್ಕರು. ಬೀರಮ್ಮ ನಗಲಿಲ್ಲ. ಗಂಡನ ತೋಳು ಹಿಡಿದು ಎಳೆದುಕೊಂಡು ಹೋದರು.

ಬಸ್ಸು ತುಂಬಿತ್ತು. ಮುಂದೆ ಹೆಂಗಸರ ಸೀಟಿನಲ್ಲಿ ಬೀರಮ್ಮನಿಗೆ ಜಾಗ ಸಿಕ್ಕಿತು. ಮಹದೇವಯ್ಯನವರು ಹಿಂದುಗಡೆ ಕಂಬಿ ಹಿಡಿದು ನಿಂತರು. ಬೀರಮ್ಮ ಫೋಟೊವನ್ನು ತೊಡೆಯ ಮೇಲಿಟ್ಟುಕೊಂಡು, ರೇಷ್ಮೆ ಸೀರೆ ಎನ್ನುವುದನ್ನೂ ನೋಡದೆ, ಸೆರಗಿನ ತುದಿಯಲ್ಲಿ ಗಾಜಿನ ಮೇಲಿನ ಕುಂಕುಮವನ್ನು ಉಜ್ಜಿ ಉಜ್ಜಿ ಒರೆಸಿದರು.

ಪಕ್ಕದಲ್ಲಿ ಕೂತಿದ್ದ ಹೆಂಗಸು ಸ್ವಲ್ಪ ಹೊತ್ತು ನೋಡಿ, ಮರುಕದಿಂದ, “ಯಾರು ಕಣಕ್ಕ? ಚಿಕ್ಕ ವಯಸ್ಸು. ಏನಾಗಿತ್ತು?” ಎಂದು ಕೇಳಿದಳು.

“ಏನೂ ಆಗಿಲ್ಲ ಕಣವ್ವ,” ಎಂದರು ಬೀರಮ್ಮ. ಅರ್ಧ ಎದ್ದು ಹಿಂದಕ್ಕೆ ತಿರುಗಿ ಕೈ ತೋರಿಸಿದರು. “ಅಗೋ, ಬಿಳೀ ಶರ್ಟು ಹಾಕ್ಕೊಂಡು ನಿಂತವ್ರಲ್ಲ, ಔರೇ ಇವ್ರು. ನಮ್ಮೆಜಮಾನ್ರು.”

“ಔರಾ! ಏನಾಗಿದ್ರು?”

“ಖೋ-ಖೋ ಆಡೋರು. ರಾಜ್ಯಕ್ಕೇ ಆಡೋರು.” ತಾವು ಕಣ್ಣಾರೆ ನೋಡದ ಆಟವನ್ನು ಬೀರಮ್ಮ ಅಂಕಣದ ಅಂಚಿನಲ್ಲೇ ಕೂತು ನೋಡಿದವರಂತೆ ಹೇಳತೊಡಗಿದರು. ಬಸ್ಸಿನ ಸದ್ದಿಗೆ ದನಿ ಏರಿಸಿದ್ದರು. “ಕಾಲೇಜಿನೋರೆಲ್ಲಾ ಪಾಠ ಬುಟ್ಟು ನೋಡಕ್ ಬರೋರು. ಅಟ್ಟಿಸ್ಕೊಂಡು ಬಂದೋರು ಕೈ ಚಾಚೋದೇ ಬಂತು, ಸಿಕ್ಕೋರೇ ಅಲ್ಲ! ಮೀನು ಜಾರ್ದಂಗೆ ಜಾರ್ಬುಡೋರು.”

ಮುಂದಿನ ಸೀಟಿನ ಹೆಂಗಸರು ಒಬ್ಬೊಬ್ಬರಾಗಿ ತಿರುಗಿ ಹಿಂದೆ ನೋಡಿದರು. ಟಿಕೆಟ್ ಹರಿಯುತ್ತಿದ್ದ ಕಂಡಕ್ಟರೂ ನೋಡಿದ. ಮಹದೇವಯ್ಯನವರ ಪಕ್ಕದ ಸೀಟಿನಲ್ಲಿದ್ದವನು ಮೊಬೈಲ್ ಜೇಬಿಗಿಟ್ಟು ಎದ್ದು, “ಕೂತ್ಕೊಳಿ ಯಜಮಾನ್ರೇ,” ಎಂದು ಜಾಗ ಬಿಟ್ಟ.

ಮಹದೇವಯ್ಯನವರು ಬೇಡವೆಂದು ತಲೆಯಾಡಿಸಿದರು. ತಿರುವಿನಲ್ಲಿ ಬಸ್ಸು ವಾಲಿತು. ಅವರು ಕಾಲು ಸ್ವಲ್ಪ ಅಗಲಿಸಿಕೊಂಡು ನಿಂತೇ ಇದ್ದರು.